ತೆನೆಯ ಎದುರಿನ ಖಾಲಿ ಜಾಗ

ಆ ದಿನ ಬೆಳಿಗ್ಗೆ ನಾನು ಅಚ್ಚು ಕೆಚ್ಚುತ್ತಾ ಕುಳಿತಿದ್ದೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತಾ ಬಂದಾಗ ನಾವು ಅದನ್ನು ಪೂರ್ತಿ ತೆಗೆದುಹಾಕುವುದಿಲ್ಲ. ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹಿಡಿದು, ಬೂದಿ ಮುಟ್ಟಿದ ಬೆರಳುಗಳ ನಡುವೆ ಹೊಸೆದು ಕೂಡಿಸುತ್ತೇವೆ. ಅದಕ್ಕೆ ಕೆಚ್ಚುವುದು ಅನ್ನುತ್ತೇವೆ. ಎಡಗಡೆಯ ಮೊದಲ ಎಳೆಗೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು, ಹೀಗೆ ಸಾವಿರಾರು. ನಡುವೆ ಒಂದು ತಪ್ಪಿದರೆ ಅಲ್ಲಿಂದಾಚೆಗಿನದೆಲ್ಲ ಒಂದೊಂದು ಎಳೆ ಸರಿದುಬಿಡುತ್ತದೆ. ಆದ್ದರಿಂದ ಕೆಚ್ಚುವವರನ್ನು ಯಾರೂ ಮಾತನಾಡಿಸುವುದಿಲ್ಲ. ನನ್ನ ತಂಗಿ ಮಾತ್ರ ಮಾತನಾಡಿಸುತ್ತಿದ್ದಳು.

"ಯಣ್ಣಾ, ಇನ್ನೂ ಎಷ್ಟ್ ಅದಾವು?"

"ಬಂತು, ಬಂತು. ಗಲ್ಲ ಒರಸ್ಕೋ, ಹಿಟ್ಟು ಹತ್ತೈತಿ."

"ಹಿಟ್ಟಲ್ಲ ಅದು, ಪೌಡರ್. ಕುಷ್ಟಗಿಗೆ ಹೊಂಟೀನಿ."

"ಕಾರ್ಡ್ ಕೊಟ್ಟು ಬರಾಕ ಪೌಡರ್ ಯಾಕವ್ವಾ?"

ಒಳಗಿನಿಂದ ನನ್ನ ಹೆಂಡತಿ ಕೂಗಿದಳು: "ಕಾರ್ಡಿಗೆ ಹಚ್ಚಾಕ! ನಿಮಗ್ಯಾಕ, ಸುಮ್ಕ ಎಳಿ ಎಣಸ್ರಿ."

ನಮ್ಮ ಮನೆಯಲ್ಲಿ ಹಾಸಿನ ಕೊನೆಯ ಎಳೆಯನ್ನು ಮನೆಯ ಹೆಣ್ಣುಮಗಳು ಕೆಚ್ಚಬೇಕು. ಅಪ್ಪನ ಕಾಲದಿಂದ ಹಾಗೆ ನಡೆದುಬಂದಿದೆ. ಬೇರೆ ನೇಕಾರರ ಮನೆಗಳಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಿಲ್ಲ. ತಂಗಿಗೆ ಆಗ ಮೂವತ್ತಾರು. ಮದುವೆ ಬೇಡ ಎಂದಿದ್ದಳು, ನಾವೂ ಒತ್ತಾಯಿಸುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅವಳು ಮೊಣಕಾಲೂರಿ ಕುಳಿತು, ನನ್ನ ಬಟ್ಟಲಿನ ಬೂದಿಯನ್ನು ಬೆರಳಿಗೆ ಹಚ್ಚಿಕೊಂಡು ಕೊನೆಯ ಎಳೆಯನ್ನು ಹೊಸೆದಳು. ಎದ್ದು ಲಂಗದ ಹಾಗೆ ಚೂಡಿದಾರವನ್ನು ಝಾಡಿಸಿದಳು. ಮಗ್ಗದ ಮನೆಯಲ್ಲಿ ಅವಳು ಮಾಡಿದ ಕಡೆಯ ಕೆಲಸ ಅದು.

ತಂಗಿಯ ಕೆಲಸ ಮುಂದಿನ ಕೋಣೆಯಲ್ಲಿತ್ತು. ಸೀರೆಯ ಅಂಚಿನ ಚಿತ್ತಾರವನ್ನು ಮಗ್ಗಕ್ಕೆ ತಿಳಿಸುವುದು ತೂತು ಹೊಡೆದ ದಪ್ಪ ಕಾರ್ಡುಗಳ ಸರ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಮೊದಲು ಆ ತೂತುಗಳನ್ನು ಕೈಯಿಂದ ಹೊಡೆಯುತ್ತಿದ್ದೆವು. ತಂಗಿ ಇಲ್ಲೇ ಕೊಪ್ಪಳದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ಮೇಲೆ ಎಲ್ಲಿಂದಲೋ ಹಳೆಯ ತೂತು ಹೊಡೆಯುವ ಯಂತ್ರವೊಂದನ್ನು ತರಿಸಿದಳು. ಅದಕ್ಕೆ ತಾನೇ ಒಂದು ಪ್ರೋಗ್ರಾಮು ಬರೆದಳು. ಪರದೆಯ ಮೇಲೆ ಚೌಕಳಿ ಹಾಳೆ ಬರುತ್ತದೆ, ಅದರಲ್ಲಿ ಅಂಚು ಬಿಡಿಸಿದರೆ ಯಂತ್ರ ಕಾರ್ಡು ಹೊಡೆಯುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಮಗ್ಗಗಳಿಗೂ ಅವಳೇ ಕಾರ್ಡು ಮಾಡಿಕೊಡುತ್ತಿದ್ದಳು.

ಹಳೆಯ ಕಂಪ್ಯೂಟರು ನಮ್ಮ ಬಿಸಿಲಿಗೆ ಬೆಂದು ಬೆಂದು ಆಗಾಗ ತಾನೇ ಆರಿಹೋಗುತ್ತಿತ್ತು. ಅದು ವಿಂಡೋಸ್ ಯಂತ್ರ. ಪ್ರೋಗ್ರಾಮನ್ನು ಒಂದು ಲಿನಕ್ಸ್ ಲ್ಯಾಪ್‌ಟಾಪಿಗೆ ದಾಟಿಸಬೇಕೆಂದು ತಂಗಿ ಹದಿನೈದು ದಿನದಿಂದ ಕುಳಿತಿದ್ದಳು. ಅಂದು ಹೊರಡುವ ಮೊದಲು ನನ್ನನ್ನು ಕರೆದು ತೋರಿಸಿದಳು. ನಾನು ಐಟಿಐ ಓದಿದವನು. ಅರ್ಥವಾಗದಿದ್ದರೂ ಹೂಂ ಅನ್ನುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

"ಹೂಂ ಅನಬ್ಯಾಡ, ಕೇಳಿಲ್ಲಿ. ನನ್ನ ಪ್ರೋಗ್ರಾಮ್ ಒಂದಽ ಎಲ್ಲಾ ಕೆಲಸ ಮಾಡಂಗಿಲ್ಲ. ತೂತು ಹೊಡಿಯೋದು, ಕಾರ್ಡ್ ಸರಸೋದು, ಅದಕ್ಕೆಲ್ಲ ಮಷಿನ್ ಕೂಡ ಬಂದ ಲೈಬ್ರರಿ, ತಯಾರ್ ಕೆಲಸದ ಗಂಟು, ಬ್ಯಾರೆ ಐತಿ. ಇವ, ನನ್ನ ಪ್ರೋಗ್ರಾಮ್, ಅದರಾಗಿನ ಒಂದೊಂದು ಕೆಲಸಾನೂ ಹೆಸರು ಹಿಡದು ಕರೀತಾನ. ವಿಂಡೋಸ್‌ನ್ಯಾಗ ಅದಕ್ಕೊಂದು ಹೆಸ್ರು, ಲಿನಕ್ಸ್‌ನ್ಯಾಗ ಇನ್ನೊಂದು. ತಿಳೀತಾ?"

"ಹೂಂ."

"ತಿಳೀಲಿಲ್ಲ. ವೈನೀ, ಇಲ್ಲಿ ಬಾ ಸ್ವಲ್ಪ." ಹೆಂಡತಿ ರೊಟ್ಟಿಯ ಕೈಯಲ್ಲೇ ಬಂದಳು. ತಂಗಿ ಅವಳ ಭುಜದ ಮೇಲೆ ಕೈಯಿಟ್ಟಳು. "ಇಕಿಗೆ ತೌರ್ಮನ್ಯಾಗ ಒಂದು ಹೆಸ್ರಿತ್ತು. ಮದಿವ್ಯಾಗ ನಾವು ಬ್ಯಾರೆ ಹೆಸ್ರು ಇಟ್ಟಿವಿ. ಇವರವ್ವ ಫೋನ್ ಮಾಡಿ ಹಳೀ ಹೆಸ್ರು ಹೇಳಿ ಅದಾಳೇನ್ರಿ ಅಂತ ಕೇಳಿದ್ರ, ಅಂಥಾಕಿ ಯಾರೂ ಇಲ್ಲ ಅಂತ ಇಡ್ತಿಯೇನು?"

"ಕರದು ಕೊಡ್ತೀನಿ."

"ಹಾಂ! ಅಷ್ಟಽ. ಆ ಕರದು ಕೊಡೋ ಕೆಲಸ ಮಾಡೋದಕ್ಕ ರನ್‌ಟೈಮ್ ಅಂತಾರ. ಯಾವ ಹೆಸ್ರಿಗೆ ಯಾರನ್ನ ಕಳಸಬೇಕು ಅಂತ ಅದಕ್ಕ ಹೇಳೋದು ಈ ಕಾನ್ಫಿಗ್ ಫೈಲು."

ಹೆಂಡತಿ ಅಂದಳು: "ನಮ್ಮವ್ವ ಕರದ್ರೂ ಓ ಅಂತೀನಿ, ಅತ್ತಿಮನ್ಯಾಗ ಕರದ್ರೂ ಓ ಅಂತೀನಿ. ನಿಮ್ಮಣ್ಣ ಕರದಾಗ ಮಾತ್ರ ಕಿವಿ ಕೇಳಸಂಗಿಲ್ಲ."

ಮೂವರೂ ನಕ್ಕೆವು. ಪರದೆಯ ಮೇಲೆ ಸಾಲುಗಳಿದ್ದವು. ಎಡಕ್ಕೆ ಹಳೆಯ ಹೆಸರು, ಬಲಕ್ಕೆ ಹೊಸದು. ಅವಳು ಮೊದಲ ಏಳೆಂಟು ಸಾಲು ಮುಗಿಸಿದ್ದಳು. ಕೊನೆಯ ಸಾಲಿನ ಎಡಕ್ಕೆ 'ತೆನೆ' ಎಂದಿತ್ತು, ಬಲಕ್ಕೆ ಏನೂ ಇರಲಿಲ್ಲ. ಯಾಕೆಂದು ಕೇಳಿದೆ.

"ಅದು ಮಷಿನ್ ಕೂಡ ಬಂದದ್ದಲ್ಲ, ನಾನಽ ಬರದದ್ದು. ಅದನ್ನ ಇಲ್ಲಿಗೆ ಮತ್ತ ಹೊಸದಾಗಿ ಕಟ್ಟಬೇಕು. ಇದು ಆಮ್ಯಾಲ." ಹಾಗೆಂದು ಆ ಸಾಲಿನ ಪಕ್ಕದಲ್ಲಿ 'ಇದು ಆಮೇಲೆ' ಎಂದು ಟೈಪು ಮಾಡಿ, ಕಾರ್ಡಿನ ಗಂಟು ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದಳು.

ಸಂಜೆ ಕುಷ್ಟಗಿಯಿಂದ ಬಂದವಳು ತಲೆ ನೋಯುತ್ತಿದೆ ಎಂದು ಮಲಗಿದಳು. ಬಿಸಿಲು ಹತ್ತಿರಬೇಕು ಎಂದು ಹೆಂಡತಿ ಮಜ್ಜಿಗೆ ಕೊಟ್ಟಳು. ಬೆಳಿಗ್ಗೆ ಎಬ್ಬಿಸಿದರೆ ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ, ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಮೂರನೆಯ ದಿನ ಮಧ್ಯಾಹ್ನ ಹೋದಳು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಾನು ನೇಯ್ದೆ. ನೇಯದೆ ಇರಲು ಆಗದು, ಮಗ್ಗದ ಮೇಲೆ ಹಾಸು ಇತ್ತು, ಅವಳೇ ಕೊನೆಯ ಎಳೆ ಕೆಚ್ಚಿದ್ದ ಹಾಸು. ಅದು ಒಂದೊಂದು ಗೇಣು ಮುಗಿದಾಗಲೂ ನನಗೆ ಬೇಸರವಾಗುತ್ತಿತ್ತು. ಮುಂದಿನ ಕೋಣೆಯ ಬಾಗಿಲನ್ನು ಹೆಂಡತಿ ಗುಡಿಸುವುದಕ್ಕೆ ಮಾತ್ರ ತೆರೆಯುತ್ತಿದ್ದಳು.

ಒಂದು ದಿನ ಯಲಬುರ್ಗಾದಿಂದ ಒಬ್ಬ ವಯಸ್ಸಾದ ಹೆಂಗಸು ಬಂದರು. ಅಂಗನವಾಡಿಯಲ್ಲಿ ಆಯಾ ಆಗಿದ್ದು ಈಗ ಮನೆಯಲ್ಲಿರುವವರು. ಹೊಸ್ತಿಲಲ್ಲಿ ನಿಂತು, ತಂಗಿಯ ಫೋಟೋಕ್ಕೆ ಹಾಕಿದ ಹಾರವನ್ನು ನೋಡಿ, ಸೆರಗು ಬಾಯಿಗೆ ಹಿಡಿದು ಅಲ್ಲೇ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿ ಕೊಟ್ಟ ನೀರು ಕುಡಿದು ಹೇಳಿದರು:

"ನಮ್ಮವ್ವನ ಧಾರಿ ಸೀರಿ ಕೊಟ್ಟು ಹೋಗಿದ್ನೆಪ್ಪಾ. ಆ ಅಂಚು ಈಗ ಎಲ್ಲೂ ಸಿಗಂಗಿಲ್ಲ. ನಿಮ್ಮ ತಂಗಿ ಭೂತಗನ್ನಡಿ ಹಿಡದು ಎಂಟು ದಿನ ಎಳಿ ಎಣಿಸಿದ್ಲು. ಆಮ್ಯಾಲ ಸೀರಿ ವಾಪಸ್ ಕೊಟ್ಟು, ಇನ್ನ ಚಿಂತಿಲ್ಲ ಬಿಡವ್ವಾ, ಎಲ್ಲಾ ಕಂಪ್ಯೂಟರ್ನ್ಯಾಗ ಐತಿ ಅಂದ್ಲು."

"ಐತ್ರಿ," ಎಂದೆ. ಇದೆ ಎಂದು ನನಗೂ ಗೊತ್ತಿತ್ತು.

"ನಾ ಆ ಸೀರಿ ಕತ್ತರಿಸಿ ಕೌದಿಗೆ ಹಾಕಿಬಿಟ್ಟೀನಿ. ಹರದು ಚಿಂದಿ ಆಗಿತ್ತು. ಹ್ಯಾಂಗೂ ಐತಲ್ಲ ಅಂತ." ನನ್ನ ಮುಖ ನೋಡಿದರು. "ಇರ್ತೈತಲ್ಲ?"

"ಇರ್ತೈತ್ರಿ. ನೇಯ್ದು ಕೊಡ್ತೀನಿ."

ಹೇಳಿಬಿಟ್ಟೆ. ಅವರು ಹೋದ ಮೇಲೆ ಹೆಂಡತಿ, "ನಿಮಗ ಆ ಮಷಿನ್ ಬರ್ತೈತೇನು?" ಎಂದು ಕೇಳಿದಳು. ತಂಗಿ ಕಡೆಯದಾಗಿ ಎಣಿಸಿದ ಅಂಚು ಅದು. ಅದು ಮಗ್ಗದ ಮೇಲೆ ಬರಬೇಕು ಅನ್ನಿಸಿತು. ಬೇರೆ ಯಾವುದರ ಮೇಲೂ ನನಗೆ ಆಗ ಮನಸ್ಸಿರಲಿಲ್ಲ.

ಹಳೆಯ ಕಂಪ್ಯೂಟರನ್ನು ಎರಡು ಸಲ ಹಚ್ಚಿ ನೋಡಿದೆ. ಅಂಚು ಪರದೆಯ ಮೇಲೆ ಬಂತು. ಕಾರ್ಡಿನ ರಟ್ಟು ಇರಲಿಲ್ಲ, ರಟ್ಟು ಬರಲಿ ಎಂದು ಆರಿಸಿಟ್ಟೆ. ಆ ವಾರವೇ ಮುಂಗಾರಿಗೆ ಮೊದಲಿನ ಗಾಳಿಮಳೆ ಬಂತು. ಮಧ್ಯಾಹ್ನವೇ ಕತ್ತಲಾಗಿ, ಓಣಿಯ ಕಂಬದಲ್ಲಿ ಒಂದು ಸಲ ಬೆಂಕಿ ಹಾರಿತು. ಮುಂದಿನ ಕೋಣೆಯಿಂದ ಸುಟ್ಟ ವಾಸನೆ. ಕಂಪ್ಯೂಟರೂ ಹೋಯಿತು, ತೂತು ಹೊಡೆಯುವ ಯಂತ್ರದ ಒಳಗಿನ ಬೋರ್ಡೂ ಹೋಯಿತು. ಮೋಡ ಕವಿದಾಗ ಪ್ಲಗ್ ಕಿತ್ತಿಡುತ್ತಿದ್ದವಳು ತಂಗಿ. ಅದು ಒಬ್ಬರ ಕೆಲಸವಾಗಿತ್ತು ಎಂಬುದೇ ನಮಗೆ ಗೊತ್ತಿರಲಿಲ್ಲ. ಲ್ಯಾಪ್‌ಟಾಪು ಕಪಾಟಿನಲ್ಲಿದ್ದದ್ದರಿಂದ ಉಳಿಯಿತು.

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಯಂತ್ರದ ಬೋರ್ಡು ರಿಪೇರಿ ಮಾಡುವ ಒಬ್ಬರಿದ್ದಾರೆ. ಸಿದ್ದಾಪುರದ ಕಡೆಯ ಆಂಧ್ರದ ರೈತರ ಕ್ಯಾಂಪಿನಲ್ಲಿ ಬೆಳೆದವರು, ಮನೆಮಾತು ತೆಲುಗು. ತಂಗಿ ಅವರಿಂದ ಒಂದೆರಡು ಸಲ ಸಾಮಾನು ತರಿಸಿದ್ದಳು. ಬೋರ್ಡನ್ನೂ ಕಂಪ್ಯೂಟರಿನ ಡಿಸ್ಕನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಗಿಣಿಗೇರಾದ ಧೂಳು ದಾಟಿ, ಗದ್ದೆಗಳು ಬಂದಾಗ ಕಣ್ಣು ಮುಚ್ಚಿದೆ. ಹಸಿರು ನೋಡುವ ಮನಸ್ಸಿರಲಿಲ್ಲ. ಮಡಿಲಲ್ಲಿ ಚೀಲ ಮಗುವಿನಷ್ಟು ಭಾರವಾಗಿತ್ತು.

ಅವರು ಬೋರ್ಡನ್ನು ಮೂಗಿಗೆ ಹಿಡಿದು ಮೂಸಿ ನೋಡಿದರು. "ಅಯ್ಯೋ ರಾಮಾ. ಪೂರಾ ಅಂಬೋಡಿ ಆಗ್ಯೈತಿ. ಇದು ಆಗಲ್ಲ ಅಣ್ಣಾ. ಹೊಸಾದು ಹಾಕ್ಕೊಡ್ತೀನಿ, ಆದ್ರೆ ಹೊಸಾ ಬೋರ್ಡಿಗೆ ಲೈಬ್ರರಿ ಲಿನಕ್ಸ್‌ದೇ ಬರೋದು. ಅಡ್ಡಿ ಇಲ್ಲೇನು?"

"ಅಡ್ಡಿ ಇಲ್ರಿ. ತಂಗಿ ಅದನ್ನಽ ಮಾಡಾಕತ್ತಿದ್ಲು."

"ಮತ್ತೆ ಆಯಮ್ಮನ್ನೇ ಕಳಿಸು. ನಿನಗೇನು ತಿಳೀತದೆ, ಬಸ್ಸಿನ ಸುಸ್ತು ಬಿಟ್ಟು?"

ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಅವರು ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ಸ್ಟ್ಯಾಂಡಿನಲ್ಲಿಟ್ಟು, ಅಂಗಡಿಯ ಫ್ಯಾನು ಆರಿಸಿದರು. ಫ್ಯಾನು ಯಾಕೆ ಆರಿಸಿದರೋ ತಿಳಿಯಲಿಲ್ಲ. ಆಮೇಲೆ ಚಹಾ ತರಿಸಿದರು.

ಎಂಟು ದಿನ ಬಿಟ್ಟು ಹೋದಾಗ ಡಿಸ್ಕಿನಿಂದ ಅರ್ಧ ತೆಗೆದಿದ್ದರು. ಪ್ರೋಗ್ರಾಮು ಸಿಕ್ಕಿತ್ತು. ಯಲಬುರ್ಗಾದ ಅಂಚೂ ಸೇರಿ ಎಲ್ಲ ಅಂಚುಗಳೂ ಸಿಕ್ಕಿದ್ದವು. ತಂಗಿ ತಾನು ಬರೆದದ್ದರ ಮೂಲವನ್ನು ಇಟ್ಟಿದ್ದ ಫೋಲ್ಡರು ಮಾತ್ರ ಓದಲು ಬರಲಿಲ್ಲ. ಹೊಸ ಬೋರ್ಡಿನ ಲೈಬ್ರರಿಯನ್ನು ಒಂದು ಪೆನ್‌ಡ್ರೈವಿಗೂ, ಅದರಲ್ಲಿರುವ ಹೆಸರುಗಳ ಪಟ್ಟಿಯನ್ನು ಎರಡು ಹಾಳೆಗೂ ಹಾಕಿಕೊಟ್ಟರು. "ಹಳೇ ಲೈಬ್ರರಿ ಕಂಪನಿಯೋರು ಹೆಸರೆಲ್ಲ ಬದಲು ಮಾಡ್ಯಾರೆ. ಒಂದೊಂದಕ್ಕೂ ಒಂದೊಂದು ಸಾಲು ಬರೀಬೇಕು. ನಿಧಾನಕ್ಕೆ ಮಾಡು."

ಬೋರ್ಡು ಕೂಡಿಸಿ, ಲ್ಯಾಪ್‌ಟಾಪು ತೆರೆದು, ತಂಗಿಯ ಫೈಲನ್ನು ಮತ್ತೆ ನೋಡಿದೆ. ಅವಳು ಬರೆದ ಏಳೆಂಟು ಸಾಲು ಹಾಗೆಯೇ ಇದ್ದವು. ಕಪಾಟಿನಲ್ಲಿ ಅವಳ ಉದ್ದನೆಯ ನೋಟ್‌ಬುಕ್ಕೂ ಇತ್ತು. ಹಳೆಯ ಲೈಬ್ರರಿಯ ಹೆಸರುಗಳನ್ನೆಲ್ಲ ಅದರಲ್ಲಿ ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆ ಏನೋ ಟಿಪ್ಪಣಿ ಮಾಡಿದ್ದಳು. ಟಿಪ್ಪಣಿ ಓದಲು ನನಗೆ ಆಗ ಧೈರ್ಯವಾಗಲಿಲ್ಲ. ಹೆಸರುಗಳನ್ನು ಮಾತ್ರ ನೋಡಿದೆ, ಮುಂದಿನದನ್ನು ಅಂಗೈಯಿಂದ ಮುಚ್ಚಿಕೊಂಡೆ.

ಮಗ್ಗ ಬಿಟ್ಟು, ಊಟ ಮಾಡಿ, ಮಧ್ಯಾಹ್ನ ಅರ್ಧ ತಾಸು ಕುಳಿತುಕೊಳ್ಳುತ್ತಿದ್ದೆ. ಒಂದು ಬೆರಳಿನಿಂದ ಟೈಪು ಮಾಡುತ್ತಿದ್ದೆ. ಅವಳ ಪಟ್ಟಿಯ ಮೊದಲ ಹೆಸರಿಗೆ ಹೊಸ ಪಟ್ಟಿಯ ಮೊದಲ ಹೆಸರು. ಎರಡನೆಯದಕ್ಕೆ ಎರಡನೆಯದು. ಅವಳು ಬರೆದ ಮೊದಲ ಸಾಲುಗಳೂ ಹಾಗೆಯೇ ಇದ್ದವು. ಹೀಗಾಗಿ ಅದೇ ದಾರಿ ಎಂದುಕೊಂಡೆ. ಕೊನೆಯಲ್ಲಿ ಹಳೆಯದು ಒಂದು ಉಳಿಯಿತು, ಹೊಸದು ಮುಗಿದಿತ್ತು. ಕೆಚ್ಚುವಾಗ ಒಂದೆರಡು ಎಳೆ ಹೆಚ್ಚು ಕಡಿಮೆ ಆಗುವುದುಂಟು, ಅದನ್ನು ದಡಿಯಲ್ಲಿ ಬಿಟ್ಟುಬಿಡುತ್ತೇವೆ. ಇದನ್ನೂ ಬಿಟ್ಟೆ.

ಪ್ರೋಗ್ರಾಮು ಯಾವ ತಕರಾರೂ ಇಲ್ಲದೆ ತೆರೆದುಕೊಂಡಿತು. ಹೆಂಡತಿಯನ್ನು ಕರೆದೆ. ರಟ್ಟು ಹಾಕಿ ಗುಂಡಿ ಒತ್ತಿದೆ. ಯಂತ್ರ ಒಂದೇ ಜಾಗದಲ್ಲಿ ತೂತಿನ ಮೇಲೆ ತೂತು ಹೊಡೆಯಿತು, ಆಮೇಲೆ ತೂತು ಬೇಕಾದ ಕಡೆ ಸುಮ್ಮನೆ ಸರಿಯಿತು, ಆಮೇಲೆ ರಟ್ಟನ್ನು ಎಳೆದು ಹಲ್ಲಿಗೆ ಸಿಕ್ಕಿಸಿ ಹರಿದುಹಾಕಿತು. ಎರಡನೆಯ ರಟ್ಟೂ ಹಾಗೆಯೇ. ಮೂರನೆಯದನ್ನು ಹೆಂಡತಿಯೇ ಕಿತ್ತುಕೊಂಡಳು.

ಗಂಗಾವತಿಗೆ ಫೋನು ಮಾಡಿದೆ. ಸಾಲುಗಳನ್ನು ಓದಿ ಹೇಳು ಎಂದರು. ನಾನು ಓದುತ್ತಾ ಹೋದೆ. ಅರ್ಧಕ್ಕೆ ಬಂದಾಗ ಅವರು ನಗಲು ಶುರು ಮಾಡಿದರು.

"ಏಮಿ ಅಣ್ಣಾ ನೀನು! ಪ್ರೋಗ್ರಾಮ್ ಜೋಡಸಲಿಲ್ಲ ನೀನು, ಅಚ್ಚು ಕೆಚ್ಚಿಬಿಟ್ಟೀಯ!"

"ಹೌದ್ರಿ. ಮತ್ತ ಹ್ಯಾಂಗ?"

"ಅವು ಸಾಲಾಗಿ ನಿಂತ ಎಳೆ ಅಲ್ಲಪ್ಪಾ. ಹಳೇದ್ರಾಗೆ ಹದಿನಾರನೇದು ಹೊಸದ್ರಾಗೆ ಇಲ್ಲವೇ ಇಲ್ಲ, ತೆಗೆದುಬಿಟ್ಟಾರೆ. ಅಲ್ಲಿಂದ ಎಲ್ಲಾ ಒಂದೊಂದು ಮನೆ ಮುಂದೆ ಹೋಗಿ ಕುಂತವೆ. ಇವ ತೂತು ಹೊಡಿ ಅಂತ ಕರೀತಾನೆ, ಅಲ್ಲಿ ಸರಿಸೋನು ಎದ್ದು ಬರ್ತಾನೆ. ಯಾವನು ಏನು ಕೆಲಸ ಮಾಡ್ತಾನೆ ನೋಡಿ ಜೋಡ್ಸು. ನಿನ್ನ ತಂಗಿ ಎಲ್ಲಾದರೂ ಬರೆದಿಟ್ಟಿರ್ತಾಳೆ, ನೋಡು."

ಬರೆದಿಟ್ಟಿದ್ದಳು. ನಾನು ಅಂಗೈಯಲ್ಲಿ ಮುಚ್ಚಿಕೊಂಡಿದ್ದೆ.

ಮಾರನೆಯ ದಿನದಿಂದ ಟಿಪ್ಪಣಿಗಳನ್ನು ಓದಿದೆ. ಒಂದರ ಮುಂದೆ, ಕಾರ್ಡು ಒಂದು ಹೆಜ್ಜೆ ಮುಂದೆ, ಎಂದಿತ್ತು. ಇನ್ನೊಂದರ ಮುಂದೆ, ಸೂಜಿ ಎಲ್ಲ ಮೇಲೆ ಎತ್ತು, ಮೊದಲು ಇದು, ಮರೆಯಬೇಡ. ಇನ್ನೊಂದರ ಮುಂದೆ, ಕಾರ್ಡು ಇದೆಯೋ ಇಲ್ಲವೋ ಹೇಳುತ್ತದೆ, ಮೂರಕ್ಕೊಂದು ಸಲ ಸುಳ್ಳು ಹೇಳುತ್ತದೆ, ಥೇಟ್ ಅಣ್ಣ. ಅದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹದಿನಾರನೆಯದರ ಮುಂದೆ, ಇದನ್ನು ನಾನು ಎಂದೂ ಕರೆದಿಲ್ಲ, ಎಂದಿತ್ತು. ಮೊದಲ ದಿನವೇ ಓದಿದ್ದರೆ ರಟ್ಟು ಉಳಿಯುತ್ತಿತ್ತು.

ಆ ಕೆಲಸಕ್ಕೆ ಒಂದು ತಿಂಗಳ ಮೇಲಾಯಿತು. ಬೇರೆಯವರಿಗೆ ಒಂದು ದಿನದ್ದಿರಬಹುದು. ಕೆಲವು ದಿನ ಒಂದೇ ಸಾಲು ಬರೆದು ಎದ್ದಿದ್ದೇನೆ. ಕಷ್ಟವಿದ್ದದ್ದರಿಂದ ಹಾಗೆ ಮಾಡಿದೆ ಅನ್ನಲಾರೆ. ಟಿಪ್ಪಣಿ ಓದಿ ಮುಗಿದರೆ ಅವಳು ಹೇಳುವುದು ಮುಗಿಯುತ್ತದೆ ಎಂದು ನಿಧಾನ ಮಾಡುತ್ತಿದ್ದೆ. ಇದನ್ನು ಹೆಂಡತಿಗೂ ಹೇಳಿಲ್ಲ. ಮಗ್ಗದ ಮೇಲೆ ಕುಳಿತಾಗ ಕೈ ತಾನೇ ನಡೆಯುತ್ತದೆ. ಇಲ್ಲಿ ಕೈಯೂ ನಡೆಯುತ್ತಿರಲಿಲ್ಲ, ತಲೆಯೂ ಭಾರ. ಪರದೆ ನೋಡುತ್ತಾ ಕುಳಿತಲ್ಲೇ ತೂಕಡಿಸಿಬಿಡುತ್ತಿದ್ದೆ.

ಈ ಸಲ ಯಂತ್ರ ಸರಿಯಾಗಿ ಹೊಡೆಯಿತು. ಹಳೆಯ ಅಂಚೊಂದನ್ನು ಹಾಕಿ ಪರೀಕ್ಷೆ ಮಾಡಿದೆ, ಕಾರ್ಡು ಮೊದಲಿನಂತೆಯೇ ಬಂತು. ಆಮೇಲೆ ಯಲಬುರ್ಗಾದ ಅಂಚು ತೆರೆದೆ. ಹತ್ತು ಕಾರ್ಡು ಆದ ಮೇಲೆ ಪ್ರೋಗ್ರಾಮು ನಿಂತು, 'ತೆನೆ' ಸಿಗಲಿಲ್ಲ ಎಂದು ಪರದೆಯ ಮೇಲೆ ಬರೆಯಿತು.

ಸೀರೆಯ ಅಂಚು ಮೈಯನ್ನು ಸೇರುವ ಕಡೆ ಜೋಳದ ತೆನೆಯ ಹಾಗೆ, ಹಲ್ಲು ಹಲ್ಲಾಗಿ, ಅಂಚಿನ ಬಣ್ಣ ಮೈಯೊಳಗೆ ಹೋಗಿರುತ್ತದೆ. ಈಗಿನ ಸೀರೆಗಳಲ್ಲಿ ತೆನೆಗಳೆಲ್ಲ ಒಂದೇ ಅಳತೆ, ಅವು ಅಂಚಿನ ಫೈಲಿನಲ್ಲೇ ಇರುತ್ತವೆ. ಆ ಹಳೆಯ ಸೀರೆಯಲ್ಲಿ ಹಾಗಿರಲಿಲ್ಲ. ಒಂದು ಉದ್ದ, ಒಂದು ಗಿಡ್ಡ, ಎಲ್ಲೋ ಒಂದು ಕಡೆ ಎರಡು ಕೂಡಿದ್ದವು. ನೇಯ್ದವರ ಕೈ ಅದು. ತಂಗಿ ಎಂಟು ದಿನ ಎಣಿಸಿ ಅದರ ಲೆಕ್ಕ ಹಿಡಿದಿದ್ದಳು. ಆ ಲೆಕ್ಕವನ್ನು ಅಂಚಿನ ಫೈಲಿನಲ್ಲಿ ಇಡದೆ, ಕಾರ್ಡು ಹೊಡೆಯುವ ಹೊತ್ತಿಗೆ ತೆನೆ ಹಾಕುವ ತನ್ನ ಪುಟ್ಟ ಲೈಬ್ರರಿಯೊಳಗೆ ಬರೆದಿದ್ದಳು. ಆ ಲೈಬ್ರರಿ ನಮ್ಮಲ್ಲಿದೆ, ಆದರೆ ಅದು ವಿಂಡೋಸಿಗೆ ಕಟ್ಟಿದ್ದು, ಸುಟ್ಟುಹೋದ ಬೋರ್ಡಿನ ಜೊತೆ ಮಾತ್ರ ಮಾತನಾಡುವುದು. ಅದನ್ನು ಮತ್ತೆ ಕಟ್ಟಲು ಅವಳು ಬರೆದ ಮೂಲ ಬೇಕು. ಅದು ಓದಲು ಬಾರದ ಫೋಲ್ಡರಿನಲ್ಲಿತ್ತು.

ನೋಟ್‌ಬುಕ್ಕಿನ ಪ್ರತಿ ಹಾಳೆ ತಿರುವಿದೆ. ಅವಳ ಚೀಲ, ಬಟ್ಟೆಯ ಪೆಟ್ಟಿಗೆ, ಹಳೆಯ ಫೋನು ನೋಡಿದೆ. ಕುಷ್ಟಗಿಯ ಟಿಕೆಟ್ಟು ಸಿಕ್ಕಿತು. ಗಂಗಾವತಿಯವರು ಡಿಸ್ಕನ್ನು ಮತ್ತೊಮ್ಮೆ ತರಿಸಿಕೊಂಡು, ಎರಡು ವಾರ ಇಟ್ಟುಕೊಂಡು, "ಇಲ್ಲ ಅಣ್ಣಾ. ಆಯಮ್ಮ ಬರೆದದ್ದು ಹೋಯ್ತು," ಎಂದರು. ಆ ಸಲ ತಮಾಷೆ ಮಾಡಲಿಲ್ಲ.

ಯಲಬುರ್ಗಾದ ಹೆಂಗಸಿಗೆ ಸುದ್ದಿ ಹೇಳಿದೆ. ಅವರು ಮಾರನೆಯ ದಿನವೇ ಬಸ್ಸಿನಲ್ಲಿ ಕೌದಿಯನ್ನು ಹೊತ್ತು ತಂದು ಮಗ್ಗದ ಮನೆಯಲ್ಲಿ ಹಾಸಿದರು.

"ಬಿಚ್ಚು. ಹೊಲಿಗಿ ಎಲ್ಲಾ ಬಿಚ್ಚು. ಒಳಗ ಐತಿ ಅಂಚು."

"ನೀವು ಎರಡು ತಿಂಗಳು ಕೂತು ಹೊಲದದ್ರಿ."

"ಮೂರು ತಿಂಗಳು. ಸೂಜೀ ಕಣ್ಣ ಕಾಣಂಗಿಲ್ಲ, ಸೊಸಿ ದಾರ ಏರಿಸಿಕೊಡ್ತಿದ್ಲು, ಬೈಕೋತ ಏರಿಸಿಕೊಡ್ತಿದ್ಲು. ಇರ್ಲಿ, ಬಿಚ್ಚು."

ಹೆಂಡತಿ ಒಂದು ಮೂಲೆಯನ್ನು ಬ್ಲೇಡಿನಿಂದ ಬಿಡಿಸಿದಳು. ಒಳಪದರದಲ್ಲಿ ಹಳೆಯ ಧಾರೆ ಸೀರೆಯ ಅಂಚಿತ್ತು. ತೆನೆ ಇದ್ದ ಕಡೆ ಅವರು ಸರಿಯಾಗಿ ಕತ್ತರಿ ಆಡಿಸಿ, ತುಂಡನ್ನು ಚೌಕ ಮಾಡಿ ಮಡಿಚಿದ್ದರು. ಬೇರೆ ಮೂಲೆಯಲ್ಲೂ ಹಾಗೆಯೇ, ತೆನೆ ಎಲ್ಲೂ ಇಡಿಯಾಗಿ ಉಳಿದಿರಲಿಲ್ಲ. ನೇರವಾಗಿ ಕತ್ತರಿಸಲು ಅಂಚಿನ ಗೆರೆ ಅನುಕೂಲ. ಯಾರಾದರೂ ಅಲ್ಲೇ ಕತ್ತರಿಸುತ್ತಾರೆ.

ಅವರು ಬಿಡಿಸಿದ ಮೂಲೆಯನ್ನು ಬೆರಳಿನಿಂದ ಸವರುತ್ತಾ ಕುಳಿತರು. "ನನ್ನ ಕೈಲೇನಽ ಕತ್ತರಿಸಿದ್ನೆಪ್ಪಾ."

"ಕಂಪ್ಯೂಟರ್ನ್ಯಾಗ ಐತಿ ಅಂದಿದ್ಲಲ್ರಿ. ನೀವೇನ್ ಮಾಡ್ತೀರಿ."

"ಅಕಿ ಅಂದದ್ದು ಸುಳ್ಳಲ್ಲಲ್ಲ?"

"ಸುಳ್ಳಲ್ರಿ. ಇತ್ತು."

ಹೆಂಡತಿ ಅಲ್ಲೇ ಕುಳಿತು ಮೂಲೆಯನ್ನು ಮತ್ತೆ ಹೊಲಿದುಕೊಟ್ಟಳು.

ಆಮೇಲೆ ನಾನು ಚೌಕಳಿ ಹಾಳೆಯ ಮೇಲೆ ಕೈಯಿಂದ ತೆನೆ ಬರೆದು ನೋಡಿದೆ. ಉದ್ದ, ಗಿಡ್ಡ, ಎಲ್ಲೋ ಒಂದು ಕಡೆ ಎರಡು ಕೂಡಿದ್ದು. ಬೇಕೆಂದು ಹೆಚ್ಚು ಕಡಿಮೆ ಮಾಡಿದ್ದು ನೋಡಿದರೇ ಗೊತ್ತಾಗುತ್ತಿತ್ತು. ನಾಲ್ಕು ಹಾಳೆ ಮಾಡಿದೆ. ನಾಲ್ಕನ್ನೂ ಒಲೆಗೆ ಹಾಕಿದೆ. ಗಂಗಾವತಿಯವರು ಇನ್ನೊಂದು ಉಪಾಯ ಹೇಳಿದರು. ತೆನೆ ಹಾಕುವ ಲೈಬ್ರರಿ ಅವರ ಗೆಳೆಯರೊಬ್ಬರ ಹತ್ತಿರ ಇದೆಯಂತೆ, ಒಂದೇ ಅಳತೆಯ ತೆನೆ ಹಾಕುತ್ತದಂತೆ, ಆ ಸಾಲಿನ ಬಲಕ್ಕೆ ಅದರ ಹೆಸರು ಬರೆದರೆ ಸಾಕು, ಪ್ರೋಗ್ರಾಮಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. "ಅದು ಯಾರು ಬಂದರೂ ಹೂಂ ಅಂತದೆ ಅಣ್ಣಾ." ಬೇಡ ಎಂದೆ.

ಪ್ರೋಗ್ರಾಮಿನಲ್ಲಿ ತೆನೆ ಬೇಕು ಎಂದು ಗುರುತು ಹಾಕುವ ಚೌಕವೊಂದಿದೆ. ಗುರುತು ತೆಗೆದರೆ ತೆನೆಯನ್ನು ಕರೆಯುವುದೇ ಇಲ್ಲ. ತೆಗೆದೆ. ಕಾರ್ಡುಗಳು ಕೊನೆಯವರೆಗೂ ಬಂದವು. ಹೆಂಡತಿ ಅವನ್ನು ದಾರದಲ್ಲಿ ಪೋಣಿಸಿ ಸರ ಮಾಡಿದಳು. ಹಳೆಯ ಹಾಸು ಅಷ್ಟು ಹೊತ್ತಿಗೆ ಮುಗಿದಿತ್ತು. ಹೊಸ ಹಾಸು ಕೆಚ್ಚಿದೆ. ಕೊನೆಯ ಎಳೆಗೆ ಬಂದಾಗ ಹೆಂಡತಿಯನ್ನು ಕರೆದೆ. ಅವಳು ಬರಲಿಲ್ಲ. "ಅದು ನನ್ನ ಕೆಲಸಲ್ಲ, ನೀವಽ ಮಾಡ್ರಿ," ಎಂದಳು. ನಾನೇ ಮಾಡಿದೆ.

ಸೀರೆ ಮುಗಿಯಲು ಹತ್ತು ದಿನ ಹಿಡಿಯಿತು. ಅಂಚು ಚೆನ್ನಾಗಿ ಬಂತು. ಬಸ್ಸಿನಲ್ಲಿ ಯಲಬುರ್ಗಾಕ್ಕೆ ಒಯ್ದು ಕೊಟ್ಟೆ. ಆ ಹೆಂಗಸು ಅದನ್ನು ಕಟ್ಟೆಯ ಮೇಲೆ ಬಿಡಿಸಿ, ಅಂಚಿನುದ್ದಕ್ಕೂ ಬೆರಳು ಎಳೆದು, ಮೈ ಸೇರುವ ಕಡೆಗೆ ಬಂದು ನಿಲ್ಲಿಸಿದರು. ಅಲ್ಲಿ ಸ್ಕೇಲು ಇಟ್ಟು ಎಳೆದ ಹಾಗೆ ಒಂದು ನೇರ ಗೆರೆ.

"ಅಂಚು ನಮ್ಮವ್ವಂದಽ," ಎಂದರು. ಸೀರೆ ಮಡಿಚಿ ಕೌದಿಯ ಮೇಲಿಟ್ಟು ನನ್ನನ್ನು ಊಟಕ್ಕೆ ಎಬ್ಬಿಸಿದರು. ಸೊಸೆ ಮೇಲಿಂದ ಮೇಲೆ ರೊಟ್ಟಿ ಹಾಕಿದಳು. ತಿರುಗಿ ಬರುವಾಗ ಬಸ್ಸಿನಲ್ಲಿ ನಿದ್ದೆ ಹತ್ತಿತು, ಕೊಪ್ಪಳ ಬಂದದ್ದು ಕಂಡಕ್ಟರು ಅಲುಗಾಡಿಸಿದಾಗಲೇ ತಿಳಿದದ್ದು.

ಈಗಲೂ ಆಗಾಗ ಕಾರ್ಡು ಹೊಡೆಯುತ್ತೇನೆ. ಕುಷ್ಟಗಿಯವರು ಬರುತ್ತಾರೆ. ಮೋಡವಾದಾಗ ಹೆಂಡತಿ ಪ್ಲಗ್ ಕೀಳುತ್ತಾಳೆ. ಕಾನ್ಫಿಗ್ ಫೈಲಿನಲ್ಲಿ ಎಲ್ಲ ಹೆಸರುಗಳ ಎದುರಿಗೂ ಹೆಸರಿದೆ. ಕೊನೆಯ ಸಾಲಿನ ಎಡಕ್ಕೆ 'ತೆನೆ' ಎಂದಿದೆ, ಪಕ್ಕದಲ್ಲಿ 'ಇದು ಆಮೇಲೆ' ಎಂದಿದೆ. ಬಲಕ್ಕೆ ಏನೂ ಇಲ್ಲ.